ಓದಿ ಹೇಳಿದವರು ಯಾರು?

ಹೋದ ತಿಂಗಳು ಮೈಸೂರಿನ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಅಲ್ಲಿ ಹೊತ್ತು ಸಾಲದೆ ಬಿಟ್ಟ ಒಂದೆರಡು ಸಂಗತಿಯನ್ನೂ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಅನುವಾದ. ಹೆಚ್ಚಾಗಿ ಆಸ್ಪತ್ರೆಯ ವರದಿ, ಕೋರ್ಟಿನ ಕಾಗದ, ಕ್ರಯಪತ್ರ. ಕೆಲವು ವರ್ಷಗಳ ಹಿಂದೆ ಒಬ್ಬ ಯುವತಿಯ ಜೊತೆ ನಾಲ್ಕು ದಿನ ದುಭಾಷಿಯಾಗಿ ಓಡಾಡಿದೆ. ಅವಳು ಹುಟ್ಟಿದ್ದು ಕರ್ನಾಟಕದಲ್ಲಿ, ಬೆಳೆದದ್ದು ಸ್ವೀಡನ್‌ನಲ್ಲಿ. ಒಂದೂವರೆ ವರ್ಷದ ಕೂಸಾಗಿದ್ದಾಗ ದತ್ತು ಹೋದವಳು. ಮೂವತ್ತರ ಹೊತ್ತಿಗೆ ತನ್ನ ಮೂಲ ಹುಡುಕಿಕೊಂಡು ಬಂದಿದ್ದಳು. ಅವಳ ಹೆಸರು, ಊರು, ಸಂಸ್ಥೆ ಯಾವುದನ್ನೂ ನಾನಿಲ್ಲಿ ಹೇಳುವುದಿಲ್ಲ. ಅದು ಅವಳ ಸ್ವಂತದ್ದು. ಇಷ್ಟನ್ನು ಹೇಳುವುದಕ್ಕೂ ಅವಳನ್ನು ಕೇಳಿಯೇ ಬಂದಿದ್ದೇನೆ.

ಮೊದಲ ಎರಡು ದಿನ ಸಂಸ್ಥೆಯವರು ‘ನಾಳೆ ಬನ್ನಿ’ ಎಂದರು. ಮೂರನೆಯ ದಿನ ಫೈಲು ಬಂತು. ಹಳೆಯ ರಟ್ಟಿನ ಫೈಲು, ಬಿಳಿ ದಾರ ಕಟ್ಟಿದ್ದು. ಒಳಗೆ ಹನ್ನೊಂದು ಹಾಳೆ. ತೂಕದ ಚೀಟಿ, ಚುಚ್ಚುಮದ್ದಿನ ಚೀಟಿ, ಕೋರ್ಟಿನ ಆದೇಶದ ನಕಲು, ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ. ಕೊನೆಯ ಹಾಳೆ ಅವಳನ್ನು ಹೆತ್ತ ತಾಯಿ ಬಿಟ್ಟುಕೊಟ್ಟ ಪತ್ರ. ಪೂರ್ತಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಒಂದು ಪಕ್ಕ ಗೆರೆಗಳು ಚೆನ್ನಾಗಿ ಮೂಡಿದ್ದವು, ಇನ್ನೊಂದು ಪಕ್ಕ ಮಸಿ ಹರಡಿ ಕಲೆಸಿಹೋಗಿತ್ತು. ಅದರ ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಒಂದೇ ಒಂದು ಸಾಲು ಕನ್ನಡ ಇತ್ತು: ‘ಓದಿ ಹೇಳಲಾಗಿದೆ. ತಿಳಿದು ಒಪ್ಪಿರುತ್ತಾಳೆ.’

ಆ ಹಾಳೆಯಲ್ಲಿ ಅವಳಿಗೆ ಅರ್ಥವಾಗದೆ ಇದ್ದದ್ದು ಆ ಒಂದೇ ಸಾಲು. ಹೇಳಿದೆ. ಅವಳು ತುಂಬಾ ಹೊತ್ತು ಹಾಳೆಯನ್ನೇ ನೋಡುತ್ತಿದ್ದಳು. ‘ಅಮ್ಮ ಎಲ್ಲಿ’ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. ‘ಓದಿ ಹೇಳಿದವರು ಯಾರು?’

ಸಾಲಿನ ಕೆಳಗೆ ಸಹಿ ಇರಲಿಲ್ಲ.

ವಿದೇಶಕ್ಕೆ ದತ್ತು ಹೋದ ಮಕ್ಕಳ ಸಂಸ್ಕೃತಿ, ಗುರುತು ಅಂತ ಮಾತು ಶುರುವಾದರೆ ನಾವೆಲ್ಲ ಸೀದಾ ಹೋಗುವುದು ಊಟ, ಉಡುಗೆ, ಹಬ್ಬಗಳ ಕಡೆಗೆ. ಮಗುವಿಗೆ ದೀಪಾವಳಿ ಗೊತ್ತಾ, ಕೈಯಲ್ಲಿ ಕಲಸಿ ತಿನ್ನೋಕೆ ಬರುತ್ತಾ ಎಂದು ಕೇಳುತ್ತೇವೆ. ನಾನೂ ಹಾಗೇ ಯೋಚಿಸುತ್ತಿದ್ದೆ. ಆ ಹಾಳೆ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಮಗುವಿಗೆ ಮೊದಲು ಸೇರಬೇಕಾದ ಆಸ್ತಿ ಅದರ ನಿಜವಾದ ಕಥೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದ ಕಥೆ. ಅದು ಕೈಯಲ್ಲಿದ್ದರೆ ಊಟ, ಹಬ್ಬ, ಭಾಷೆ ಎಲ್ಲ ಅದರ ಮೇಲೆ ನಿಲ್ಲುತ್ತವೆ. ಕಥೆಯೇ ಸುಳ್ಳಾದರೆ ಎಷ್ಟು ರೇಷ್ಮೆ ಲಂಗ ಹೊಲಿಸಿಕೊಟ್ಟರೂ ಮಗು ನಿಂತ ನೆಲ ಪೊಳ್ಳು.

ಈ ಮಾತಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ದಕ್ಷಿಣ ಕೊರಿಯಾ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

1953ರಲ್ಲಿ ಕೊರಿಯಾ ಯುದ್ಧ ನಿಂತಿತು. ಅಮೆರಿಕದ ಸೈನಿಕರಿಗೂ ಅಲ್ಲಿನ ಹೆಂಗಸರಿಗೂ ಹುಟ್ಟಿದ ಮಕ್ಕಳು ಊರೂರಲ್ಲಿ ಇದ್ದರು. ತಂದೆಯ ವಂಶದ ಮೇಲೆಯೇ ನಿಂತ ಸಮಾಜ ಅದು. ತಂದೆ ಇಲ್ಲದ, ಮುಖ ಬೇರೆ ಥರ ಇರುವ ಮಗುವಿಗೆ ಅಲ್ಲಿ ಜಾಗ ಇರಲಿಲ್ಲ. 1955ರಲ್ಲಿ ಅಮೆರಿಕದ ಆರಿಗನ್ ರಾಜ್ಯದ ರೈತ ಹ್ಯಾರಿ ಹೋಲ್ಟ್ ಮತ್ತು ಅವರ ಹೆಂಡತಿ ಬರ್ತಾ ಇಂಥ ಎಂಟು ಮಕ್ಕಳನ್ನು ದತ್ತು ತಗೊಂಡರು. ಅದಕ್ಕಾಗಿ ಅಮೆರಿಕದ ಸಂಸತ್ತು ಒಂದು ವಿಶೇಷ ಕಾನೂನನ್ನೇ ಮಾಡಿತು. ಪತ್ರಿಕೆಗಳಲ್ಲಿ ಫೋಟೋ ಬಂತು. ನಮಗೂ ಮಗು ಬೇಕು ಎಂದು ಸಾವಿರಾರು ಜನ ಕೇಳತೊಡಗಿದರು. ಸಂಸ್ಥೆಗಳು ಹುಟ್ಟಿಕೊಂಡವು.

ಅಲ್ಲಿಯವರೆಗೆ ಅದು ಯುದ್ಧದ ಗಾಯಕ್ಕೆ ಹಚ್ಚಿದ ಮದ್ದು ಎನ್ನಬಹುದು. ಆದರೆ ಗಾಯ ಮಾಗಿದ ಮೇಲೂ ಮಕ್ಕಳು ಹೋಗುತ್ತಲೇ ಇದ್ದರು. ಈಗ ಹೋಗುತ್ತಿದ್ದದ್ದು ಬಡವರ ಮಕ್ಕಳು, ಮದುವೆಯಾಗದ ತಾಯಂದಿರ ಮಕ್ಕಳು. ಅತಿ ಹೆಚ್ಚು ಮಕ್ಕಳು ಹೋದ ವರ್ಷ ಯಾವುದು ಗೊತ್ತಾ? 1985. ಯುದ್ಧ ಮುಗಿದು ಮೂವತ್ತು ವರ್ಷ ದಾಟಿತ್ತು. ಕಾರು, ಟಿವಿ ತಯಾರಿಸಿ ಹೊರದೇಶಕ್ಕೆ ಮಾರುವಷ್ಟು ದೇಶ ಬೆಳೆದಿತ್ತು. ಆ ಒಂದೇ ವರ್ಷ 8,837 ಮಕ್ಕಳು ಹೊರಟರು. ದಿನಕ್ಕೆ ಇಪ್ಪತ್ನಾಲ್ಕು ಮಕ್ಕಳು. ಒಟ್ಟು ಲೆಕ್ಕ ಸುಮಾರು 2 ಲಕ್ಷ ಎನ್ನುತ್ತಾರೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೋದದ್ದು ಅಮೆರಿಕಕ್ಕೆ. ಉಳಿದವರು ಸ್ವೀಡನ್, ಡೆನ್ಮಾರ್ಕ್, ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಹೀಗೆ ಬೇರೆ ಬೇರೆ ಕಡೆ.

ಇಷ್ಟೊಂದು ಮಕ್ಕಳನ್ನು ಇಷ್ಟು ಬೇಗ ಕಳಿಸಲು ಕಾಗದ ಹೇಗೆ ಸಿದ್ಧವಾಗುತ್ತಿತ್ತು? ಇದು ಸ್ವಲ್ಪ ಗಮನಕೊಟ್ಟು ಕೇಳಬೇಕಾದ ವಿಷಯ. ವೀಸಾ ಸಲೀಸಾಗಿ ಸಿಗಬೇಕಾದರೆ ಮಗು ಅನಾಥ ಆಗಿರಬೇಕಿತ್ತು. ಅಪ್ಪ ಅಮ್ಮ ಬದುಕಿರುವ ಮಗುವಿಗೂ ‘ಅನಾಥ’ ಎಂದು ಹೊಸದಾಗಿ ಕುಟುಂಬ ನೋಂದಣಿ ಮಾಡಿಸುತ್ತಿದ್ದರು. ನಮ್ಮಲ್ಲಿ ನಾಡಕಚೇರಿಯಲ್ಲಿ ವಂಶವೃಕ್ಷ ಕೊಡುತ್ತಾರಲ್ಲ, ಅದರಲ್ಲಿ ಮೇಲೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಒಂದೇ ಒಂದು ಮಗುವಿನ ಹೆಸರು ಇದ್ದರೆ ಹೇಗಿರುತ್ತೆ, ಹಾಗೆ. ಆರು ತಿಂಗಳ ಕೂಸು ತನ್ನ ವಂಶಕ್ಕೆ ತಾನೇ ಹಿರಿಯ!

ಇನ್ನೂ ಕೆಟ್ಟದ್ದಿದೆ. ಒಂದು ಮಗುವಿನ ಕಾಗದ ಪೂರ್ತಿ ಸಿದ್ಧವಾಗಿ, ಅಷ್ಟರಲ್ಲಿ ಆ ಮಗು ಕಾಯಿಲೆಯಿಂದ ತೀರಿಹೋದರೆ, ಇಲ್ಲವೇ ಹೆತ್ತವರು ಬಂದು ಕರೆದುಕೊಂಡು ಹೋದರೆ, ಅದೇ ಕಾಗದದ ಮೇಲೆ ಇನ್ನೊಂದು ಮಗುವನ್ನು ಕಳಿಸಿದ್ದುಂಟು. ಆ ಇನ್ನೊಂದು ಮಗು ಬದುಕಿಡೀ ಬೇರೆಯವರ ಹೆಸರು, ಬೇರೆಯವರ ಹುಟ್ಟಿದ ದಿನ ಹೊತ್ತು ಬದುಕಿತು.

ಇದು ಯಾರೋ ಹಬ್ಬಿಸಿದ ಗಾಳಿಸುದ್ದಿ ಅಲ್ಲ. ದತ್ತು ಹೋಗಿ ಬೆಳೆದ ಮಕ್ಕಳೇ ಒಟ್ಟಾಗಿ ಹಳೆಯ ಅನ್ಯಾಯಗಳನ್ನು ತನಿಖೆ ಮಾಡುವ ಕೊರಿಯಾದ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ದೂರು ಕೊಟ್ಟರು. 11 ದೇಶಗಳಿಂದ 367 ದೂರು. 2025ರ ಮಾರ್ಚ್‌ನಲ್ಲಿ ಆಯೋಗ ವರದಿ ಕೊಟ್ಟಿತು. ಮಕ್ಕಳ ಹಕ್ಕು ಮುರಿದಿದೆ, ಸರ್ಕಾರ ಕಣ್ಣುಮುಚ್ಚಿ ಎಲ್ಲವನ್ನೂ ಖಾಸಗಿ ಸಂಸ್ಥೆಗಳ ಕೈಗೆ ಬಿಟ್ಟಿತ್ತು ಎಂದು ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲೀ ಜೇ ಮ್ಯುಂಗ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಈಗ ಯೋಚನೆ ಮಾಡಿ. ಸಾಕಿದ ಅಪ್ಪ ಅಮ್ಮ ಒಳ್ಳೆಯವರು. ಮಗುವಿಗೆ ಪ್ರತಿ ಹುಟ್ಟುಹಬ್ಬಕ್ಕೂ ಅದರ ಕಥೆ ಹೇಳಿದ್ದಾರೆ. ‘ನೀನು ಪೊಲೀಸ್ ಠಾಣೆಯ ಬಾಗಿಲಲ್ಲಿ ಸಿಕ್ಕಿದೆ, ಹೊದಿಕೆಯಲ್ಲಿ ಬೆಚ್ಚಗೆ ಸುತ್ತಿದ್ದರು.’ ಅವರಿಗೆ ಕೊಟ್ಟ ಕಾಗದದಲ್ಲಿ ಹಾಗೇ ಇತ್ತು. ನಲವತ್ತನೇ ವಯಸ್ಸಿಗೆ ಆ ಮಗು ಡಿಎನ್‌ಎ ಪರೀಕ್ಷೆ ಮಾಡಿಸುತ್ತದೆ. ಠಾಣೆಯೂ ಇಲ್ಲ, ಹೊದಿಕೆಯೂ ಇಲ್ಲ. ಅಪ್ಪ ಅಮ್ಮ ಇದ್ದರು, ಅಕ್ಕಂದಿರಿದ್ದರು, ಮನೆಯಲ್ಲಿ ಹುಡುಕಿ ಹುಡುಕಿ ಅತ್ತಿದ್ದರು. ಇದನ್ನು ತಿಳಿದ ದಿನ ಆ ಮನುಷ್ಯ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು? ಹೇಳಿದವರೂ ನಂಬಿಯೇ ಹೇಳಿದ್ದರಲ್ವಾ?

ಕೊರಿಯಾ ಒಂದೇ ಅಲ್ಲ. 1980ರ ದಶಕದಲ್ಲಿ ಶ್ರೀಲಂಕಾದಿಂದ ಯೂರೋಪಿಗೆ ಸುಮಾರು 11,000 ಮಕ್ಕಳು ಹೋದರು. ಅಲ್ಲಿ ದುಡ್ಡು ಕೊಟ್ಟು ಬೇರೆ ಹೆಂಗಸರನ್ನು ‘ತಾಯಿ’ ಎಂದು ಕೋರ್ಟಿನಲ್ಲಿ ನಿಲ್ಲಿಸಿದ್ದು ಆಮೇಲೆ ಬಯಲಾಯಿತು. ದೊಡ್ಡವರಾದ ಮಕ್ಕಳು ಕಾಗದದಲ್ಲಿದ್ದ ವಿಳಾಸ ಹಿಡಿದು ಹೋದರೆ, ಬಾಗಿಲು ತೆಗೆದ ಹೆಂಗಸು ‘ನಾನು ನಿನ್ನ ತಾಯಿ ಅಲ್ಲ’ ಎಂದದ್ದುಂಟು. ನಮ್ಮ ಪಕ್ಕದಲ್ಲೇ, 1999ರಲ್ಲಿ, ಮತ್ತೆ 2001ರಲ್ಲಿ, ಹೈದರಾಬಾದಿನ ಸುತ್ತಲಿನ ಲಂಬಾಣಿ ತಾಂಡಾಗಳಿಂದ ಹೆಣ್ಣು ಕೂಸುಗಳನ್ನು ಪುಡಿಗಾಸಿಗೆ ಕೊಂಡು ದತ್ತು ಕೊಡುತ್ತಿದ್ದ ಜಾಲ ಸಿಕ್ಕಿಬಿತ್ತು. ಆ ಮಕ್ಕಳ ತಾಯಂದಿರೂ ಹೆಬ್ಬೆಟ್ಟು ಒತ್ತಿದವರೇ.

ನೆದರ್‌ಲ್ಯಾಂಡ್ಸ್ 2021ರಲ್ಲಿ ಇಂಥದ್ದನ್ನೆಲ್ಲ ತನಿಖೆ ಮಾಡಿಸಿ ವಿದೇಶಿ ದತ್ತನ್ನು ತಡೆಹಿಡಿಯಿತು. ಚೀನಾ 2024ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಅಷ್ಟರೊಳಗೆ 1,60,000ಕ್ಕೂ ಹೆಚ್ಚು ಮಕ್ಕಳು ಹೊರಗೆ ಹೋಗಿದ್ದರು. 2004ರ ಹೊತ್ತಿಗೆ ಪ್ರಪಂಚದಲ್ಲಿ ವರ್ಷಕ್ಕೆ 45,000ದಷ್ಟು ಮಕ್ಕಳು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದತ್ತು ಹೋಗುತ್ತಿದ್ದರು. ಈಗ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ ಉಳಿದಿದೆ. ಆದರೆ ಹೋದ ಮಕ್ಕಳು ಎಲ್ಲಿಗೂ ಮಾಯವಾಗಿಲ್ಲ. ಅವರು ಈಗ ದೊಡ್ಡವರು, ಪ್ರಶ್ನೆ ಕೇಳುತ್ತಿದ್ದಾರೆ. ನಾನು ಮಾತಾಡುತ್ತಿರುವುದು ಅವರ ಬಗ್ಗೆ.

ಸಾಕಿದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಯುವತಿ ತನ್ನ ಸ್ವೀಡನ್ನಿನ ಅಮ್ಮನ ಬಗ್ಗೆ ಹೇಳುವಾಗ ಮುಖ ಅರಳುತ್ತಿತ್ತು. ಸಂಜೆಯಾದರೆ ಅಮ್ಮನಿಗೆ ಫೋನ್ ಮಾಡಿ ಅಂದಿನದನ್ನೆಲ್ಲ ಹೇಳುತ್ತಿದ್ದಳು. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ. ಆದರೆ ಆ ಕಾಲದ ಸಾಕುತಂದೆ ತಾಯಂದಿರಿಗೆ ಬಲ್ಲವರು ಕೊಡುತ್ತಿದ್ದ ಸಲಹೆಯೇ ಹಾಗಿತ್ತು: ‘ಬಣ್ಣ ನೋಡಬೇಡಿ, ಬೇರೆ ಅಂತ ಅನಿಸೋಕೆ ಬಿಡಬೇಡಿ, ನಿಮ್ಮವಳಾಗಿ ಬೆಳೆಸಿ.’ ಮನೆಯೊಳಗೆ ಅದು ಸರಿಹೋಯಿತು. ಬಾಗಿಲು ದಾಟಿದರೆ ಊರು ಬಣ್ಣ ನೋಡುತ್ತಿತ್ತು. ಅವಳು ನನಗೆ ಹೇಳಿದ್ದು ಹೀಗೆ. ‘ಶಾಲೆಯ ಫೋಟೋ ಬಂದಾಗ ಎಲ್ಲರೂ ತಾವೆಲ್ಲಿದ್ದೇವೆ ಅಂತ ಹುಡುಕುತ್ತಿದ್ದರು. ನಾನು ಯಾವತ್ತೂ ಹುಡುಕಬೇಕಾಗಿರಲಿಲ್ಲ.’

ಬೆಂಗಳೂರಿಗೆ ಬಂದಿಳಿದ ಮೊದಲ ದಿನ ಅವಳಿಗೆ ಉಲ್ಟಾ ಆಯಿತು. ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಕಂಡಕ್ಟರ್ ನೇರವಾಗಿ ಕನ್ನಡದಲ್ಲಿ ‘ಎಲ್ಲಿಗಮ್ಮ’ ಎಂದರು. ಉತ್ತರ ಬರಲಿಲ್ಲ. ಕಂಡಕ್ಟರ್ ಮುಖದಲ್ಲಿ ಸಿಟ್ಟು. ನೋಡೋಕೆ ನಮ್ಮವಳ ಹಾಗಿದ್ದಾಳೆ, ಮಾತಾಡಲ್ಲ, ಕೊಬ್ಬು ಅಂದುಕೊಂಡಿರಬೇಕು. ಅಲ್ಲಿ ಮುಖ ಬೇರೆ, ಮಾತು ಒಂದೇ. ಇಲ್ಲಿ ಮುಖ ಒಂದೇ, ಮಾತು ಬೇರೆ.

ಅಮೆರಿಕದಲ್ಲಿ ಸಾಕುತಂದೆ ತಾಯಂದಿರು ಆಮೇಲೆ ಬೇರೆ ದಾರಿ ಹುಡುಕಿದರು. ಮಿನ್ನೆಸೋಟದಂಥ ಕಡೆ, ಕೊರಿಯಾದ ಮಕ್ಕಳು ತುಂಬಾ ಇರುವ ಕಡೆ, ಬೇಸಿಗೆ ಶಿಬಿರ ಶುರುಮಾಡಿದರು. ಒಂದು ವಾರ ಕೊರಿಯಾದ ಊಟ, ಕುಣಿತ, ನಾಲ್ಕು ಅಕ್ಷರ. ಇದರಿಂದ ಏನಾಗುತ್ತೆ, ಬರೀ ವೇಷ ಅಲ್ವಾ ಎಂದು ಟೀಕೆ ಮಾಡಿದವರಿದ್ದಾರೆ. ನಾನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಕುಣಿತ ಮರೆತುಹೋಗಿರಬಹುದು. ಆದರೆ ವರ್ಷಕ್ಕೆ ಒಂದು ವಾರ ತನ್ನಂಥದೇ ಮುಖದ, ತನ್ನಂಥದೇ ಕಥೆಯ ಐವತ್ತು ಮಕ್ಕಳ ನಡುವೆ ಕೂರುವುದಿದೆಯಲ್ಲ, ಅದರ ಬೆಲೆ ನಮಗೆ ತಿಳಿಯುವುದಿಲ್ಲ. ಯಾಕೆಂದರೆ ನಮಗೆ ಅದು ಹುಟ್ಟಿದಾಗಿನಿಂದ ದಿನಾ ಪುಕ್ಕಟೆಯಾಗಿ ಸಿಕ್ಕಿದೆ.

ಇನ್ನು ಭಾಷೆ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ. ಸ್ವಲ್ಪ ಜಾಸ್ತಿ ಹೊತ್ತು ತಗೊಂಡರೆ ಸಹಿಸಿಕೊಳ್ಳಿ.

2003ರಲ್ಲಿ ಫ್ರಾನ್ಸಿನ ಸಂಶೋಧಕರು ಕೊರಿಯಾದಿಂದ ದತ್ತು ಬಂದ ಎಂಟು ಜನರನ್ನು ಪರೀಕ್ಷಿಸಿದರು. ಅವರು ಬಂದಾಗ ಮೂರರಿಂದ ಎಂಟು ವರ್ಷದ ಮಕ್ಕಳು. ಅಂದರೆ ಕೊರಿಯನ್ ಭಾಷೆಯಲ್ಲಿ ಜಗಳ ಆಡಿ, ಹಟ ಮಾಡಿ, ಹಾಡು ಹೇಳಿ ಬಂದವರು. ಈಗ ದೊಡ್ಡವರಾದ ಅವರಿಗೆ ಕೊರಿಯನ್ ವಾಕ್ಯಗಳನ್ನು, ಬೇರೆ ಭಾಷೆಯ ವಾಕ್ಯಗಳನ್ನು ಕೇಳಿಸಿದರು. ಇದೇ ಕೊರಿಯನ್ ಎಂದು ಗುರುತಿಸಲೂ ಅವರಿಗೆ ಆಗಲಿಲ್ಲ. ಕೊರಿಯನ್ ಕೇಳಿಸಿದಾಗ ಮೆದುಳಿನ ಚಿತ್ರದಲ್ಲೂ ಹುಟ್ಟಾ ಫ್ರೆಂಚರಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮೊದಲು ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಂಟು ವರ್ಷದ ಮಗುವಿನ ಮಾತು ಗುರುತೇ ಇಲ್ಲದ ಹಾಗೆ ಅಳಿಸಿಹೋಗುತ್ತಾ?

ಇಲ್ಲ ಎಂದು ಆಮೇಲೆ ಗೊತ್ತಾಯಿತು. 2014ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಚೀನಾದಿಂದ ವರ್ಷದ ಆಸುಪಾಸಿನಲ್ಲಿ ದತ್ತು ಬಂದ ಹುಡುಗಿಯರು, ಆಮೇಲೆ ಬರೀ ಫ್ರೆಂಚ್ ಆಡಿಕೊಂಡು ಬೆಳೆದವರು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಆ ಏರಿಳಿತ ಕೇಳಿಸಿದಾಗ ಈ ಹುಡುಗಿಯರ ಮೆದುಳು, ಮನೆಯಲ್ಲಿ ಚೀನೀ ಆಡುವ ಮಕ್ಕಳ ಮೆದುಳಿನ ಹಾಗೇ ಕೆಲಸ ಮಾಡಿತು. ಅವರಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೂ ಕಿವಿ ಗುರುತು ಹಿಡಿಯುತ್ತಿತ್ತು.

2017ರದ್ದು ಇನ್ನೂ ಸೋಜಿಗ. ನೆದರ್‌ಲ್ಯಾಂಡ್ಸ್‌ಗೆ ಚಿಕ್ಕವರಿದ್ದಾಗ ದತ್ತು ಬಂದ ಕೊರಿಯನ್ನರು, ಈಗ ಮೂವತ್ತರ ಆಸುಪಾಸಿನವರು. ಅವರಿಗೂ ಬೇರೆ ಡಚ್ಚರಿಗೂ ಒಟ್ಟಿಗೆ ಕೊರಿಯನ್ ಉಚ್ಚಾರ ಕಲಿಸಿದರು. ಕೊರಿಯನ್‌ನಲ್ಲಿ ನಮ್ಮ ‘ಪ’ದಂಥ ಅಕ್ಷರ ಮೂರು ಥರ ಇದೆ. ಹೊರಗಿನವರ ಕಿವಿಗೆ ಮೂರೂ ಒಂದೇ. ನಮ್ಮ ‘ತ’ಕ್ಕೂ ‘ಟ’ಕ್ಕೂ ಇರುವ ವ್ಯತ್ಯಾಸ ಯೂರೋಪಿನವರಿಗೆ ಕೇಳಿಸುವುದಿಲ್ಲವಲ್ಲ, ಹಾಗೆ. ದತ್ತು ಬಂದವರು ಬೇಗ ಕಲಿತರು, ಚೆನ್ನಾಗಿ ಹೇಳಿದರು. ಆರು ತಿಂಗಳು ತುಂಬುವ ಮೊದಲೇ ಬಂದವರಿಗೂ ಇದು ಸಾಧ್ಯವಾಯಿತು. ಇನ್ನೂ ಮಾತೇ ಬಾರದ ಕೂಸು! ಯಾರದೋ ಸೊಂಟದ ಮೇಲೆ ಕೂತು ಕೇಳಿಸಿಕೊಂಡದ್ದು ಮೂವತ್ತು ವರ್ಷ ಒಳಗೆ ಎಲ್ಲೋ ಉಳಿದಿತ್ತು.

ಹಾಗಾದರೆ ದತ್ತು ಹೋಗುವ ಮಗುವನ್ನು ಏನೂ ಬರೆಯದ ಹಾಳೆ ಎಂದುಕೊಳ್ಳುವುದು ತಪ್ಪು. ‘ಚಿಕ್ಕ ಮಗು, ಅದಕ್ಕೇನು ಗೊತ್ತಾಗುತ್ತೆ’ ಎಂಬ ನಮ್ಮ ಮಾತೂ ತಪ್ಪು.

ಈ ವಿಷಯದಲ್ಲಿ ನಮ್ಮ ಕಾನೂನು ನಡೆದುಬಂದ ದಾರಿ ನೋಡಿ. 1984ರಲ್ಲಿ ಸುಪ್ರೀಂ ಕೋರ್ಟ್ ವಿದೇಶಿ ದತ್ತಿನ ಬಗ್ಗೆ ಮೊದಲ ದೊಡ್ಡ ತೀರ್ಪು ಕೊಟ್ಟಿತು. ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಬರೆದ ಒಂದು ಪತ್ರವನ್ನೇ ಅರ್ಜಿ ಎಂದು ತಗೊಂಡು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಬರೆದ ತೀರ್ಪು. ಮಕ್ಕಳ ಮಾರಾಟ ತಡೆಯಲು ಅದು ಕಟ್ಟಿದ ಬೇಲಿ ದೊಡ್ಡದು. ಅದರಲ್ಲೇ, ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಕಳಿಸುವುದು ಒಳ್ಳೆಯದು, ಹೊಸ ನೆಲಕ್ಕೆ ಹೊಂದಿಕೊಳ್ಳುವುದು ಸುಲಭ ಎಂಬ ಮಾತೂ ಇದೆ. ಅಂದಿನ ತಿಳಿವಳಿಕೆ ಅದು. ಬೇಗ ಹೋದರೆ ಬೇಗ ಮರೆಯುತ್ತದೆ, ಮರೆತರೆ ಸುಖವಾಗಿರುತ್ತದೆ. ವಿದೇಶಿ ದತ್ತಿನ ಬಗ್ಗೆ ಹಲವು ದೇಶಗಳು ಮಾಡಿಕೊಂಡ 1993ರ ಹೇಗ್ ಒಪ್ಪಂದದ ಹೊತ್ತಿಗೆ ಆ ಯೋಚನೆ ತಿರುಗಿತ್ತು. ಮಗುವಿನ ಜನಾಂಗ, ಧರ್ಮ, ಸಂಸ್ಕೃತಿಯನ್ನು ಲೆಕ್ಕಕ್ಕೆ ತಗೊಳ್ಳಬೇಕು, ಅದರ ಮೂಲದ ಮಾಹಿತಿಯನ್ನು ಜೋಪಾನವಾಗಿ ಇಡಬೇಕು ಎಂದು ಆ ಒಪ್ಪಂದ ಹೇಳುತ್ತದೆ. ಭಾರತ 2003ರಲ್ಲಿ ಅದಕ್ಕೆ ಸೇರಿತು. ಈಗ ಎಲ್ಲ ವಿದೇಶಿ ದತ್ತೂ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ ಮೂಲಕವೇ ಆಗಬೇಕು. ಬಿಟ್ಟುಕೊಟ್ಟ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಗಡುವಿದೆ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ಬೇಕು. ಹದಿನೆಂಟು ತುಂಬಿದ ಮೇಲೆ ಮಗು ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು. ಅದರ ಪರವಾಗಿ ಮೂರನೆಯವರು ಹುಡುಕುವ ಹಾಗಿಲ್ಲ. ಹೆತ್ತ ತಾಯಿಯ ಗುಟ್ಟನ್ನೂ ಕಾಪಾಡಬೇಕು. ಎಲ್ಲೋ ಮದುವೆಯಾಗಿ, ಬೇರೆ ಮಕ್ಕಳಾಗಿ, ಯಾರಿಗೂ ಹೇಳದೆ ಬದುಕುತ್ತಿರುವ ಹೆಂಗಸಿನ ಮನೆಯ ಬಾಗಿಲು ದಿಢೀರನೆ ತಟ್ಟಿದರೆ ಏನಾದೀತು? ಅವಳದೂ ಒಂದು ಬದುಕು.

ಈಗ ನಮ್ಮಿಂದ ಹೊರಗೆ ಹೋಗುವ ಮಕ್ಕಳು ಕಡಿಮೆ. 2024-25ರಲ್ಲಿ ಕಾರಾ ಮೂಲಕ 4,515 ಮಕ್ಕಳು ದತ್ತು ಹೋದರು. ಅದರಲ್ಲಿ 4,155 ಮಕ್ಕಳು ದೇಶದೊಳಗೇ. ಉಳಿದ 360 ಮಕ್ಕಳು ಯಾರು? ಹೆಚ್ಚಾಗಿ ನಾವು ಬೇಡ ಎಂದವರು. ನಮ್ಮಲ್ಲಿ ಎಲ್ಲರಿಗೂ ಎರಡು ವರ್ಷದ ಒಳಗಿನ, ಆರೋಗ್ಯವಾಗಿರುವ ಕೂಸು ಬೇಕು. ಏಳೆಂಟು ವರ್ಷದ ಹುಡುಗ, ಒಟ್ಟಿಗಿರುವ ಅಕ್ಕ ತಮ್ಮ, ಕಿವಿ ಕೇಳದ ಮಗು, ಹೃದಯದ ತೊಂದರೆ ಇರುವ ಮಗು, ಇವರನ್ನು ಕರೆದುಕೊಳ್ಳುವ ಮನೆ ಎಷ್ಟೋ ಸಲ ಹೊರದೇಶದಲ್ಲೇ ಸಿಗುತ್ತದೆ. ಅದಕ್ಕೇ ವಿದೇಶಿ ದತ್ತು ಪೂರ್ತಿ ನಿಲ್ಲಲಿ ಎಂದು ನಾನು ಹೇಳಲಾರೆ. ನಮ್ಮ ಸಂಸ್ಕೃತಿ ಉಳಿಯಲಿ ಎಂದು ಒಂದು ಮಗು ಹದಿನೆಂಟು ವರ್ಷ ಹಾಸ್ಟೆಲಿನ ಸಾಲು ಮಂಚದಲ್ಲಿ ಬೆಳೆಯಬೇಕಾ? ತನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಒಂದು ಕೈ ಆ ಮಗುವಿಗೆ ಬೇಡವಾ?

ಆದರೆ ಇದರಿಂದ ಒಂದು ಹೊಸ ಸಂಗತಿ ಎದುರಾಗಿದೆ. ಈಗ ಹೋಗುವ ಮಕ್ಕಳು ದೊಡ್ಡವರು. ಬಾಯಿ ತುಂಬಾ ಕನ್ನಡ ಇಟ್ಟುಕೊಂಡು ಹೋಗುವವರು. ಅವರಿಗೆ ಗೆಳೆಯರ ಹೆಸರು ಗೊತ್ತು, ಬಾಲಮಂದಿರದ ಬೀದಿ ಗೊತ್ತು, ಕೆಲವರಿಗೆ ಅಮ್ಮನ ಮುಖವೂ ನೆನಪಿದೆ. ಫ್ರಾನ್ಸಿನ ಆ ಎಂಟು ಜನರ ಹಾಗೆ ಇವರ ಮಾತೂ ಕೆಲವೇ ವರ್ಷದಲ್ಲಿ ಆರಿಹೋಗಬಹುದು. ಇಲ್ಲಿ ನಾವು ಮಾಡಬಹುದಾದ್ದು ಇದೆ. ಅಮೆರಿಕದ, ಯೂರೋಪಿನ ಎಷ್ಟೋ ಊರುಗಳಲ್ಲಿ ಕನ್ನಡ ಕೂಟಗಳಿವೆ. ವಾರಾಂತ್ಯದಲ್ಲಿ ಕನ್ನಡ ಶಾಲೆ ನಡೆಸುತ್ತವೆ. ಅಲ್ಲಿ ಕೂರುವುದೆಲ್ಲ ನಮ್ಮ ಸಾಫ್ಟ್‌ವೇರಿನವರ ಮಕ್ಕಳು. ಕರ್ನಾಟಕದಿಂದ ದತ್ತು ಬಂದ ಮಗುವಿನ ಬಿಳಿ ಅಮ್ಮ ಆ ಬಾಗಿಲಿಗೆ ಬಂದು ನಿಂತರೆ ಒಳಗೆ ಕರೆಯುತ್ತೇವಾ? ಕರೆದು ಕೂರಿಸಿದ ಮೇಲೆ ‘ಅಯ್ಯೋ ಪಾಪ, ಯಾರ ಮಗುವೋ, ಯಾವ ಜಾತಿಯೋ’ ಎಂದು ಮೂಲೆಯಲ್ಲಿ ಪಿಸುಗುಡದೆ ಇರುತ್ತೇವಾ? ಆ ಪಿಸುಮಾತು ಮಗುವಿಗೆ ಅರ್ಥವಾಗುತ್ತದೆ. ಅದು ಕನ್ನಡದ ಮಗು.

ಕನ್ನಡದ್ದೇ ಅಂತಲೂ ಅಲ್ಲ. ಕರ್ನಾಟಕದ ಬಾಲಮಂದಿರದಲ್ಲಿ ಸಿಕ್ಕ ಮಗುವಿನ ಮನೆಮಾತು ಲಂಬಾಣಿ ಇರಬಹುದು, ಉರ್ದು ಇರಬಹುದು, ತುಳುವೋ ತೆಲುಗೋ ಇರಬಹುದು. ‘ಭಾರತೀಯ ಸಂಸ್ಕೃತಿ’ ಎಂದು ಒಂದೇ ಸೀರೆ, ಒಂದೇ ದೇವರು, ಒಂದೇ ಸಿನಿಮಾ ಹಾಡು ಮಗುವಿನ ಕೈಗೆ ಕೊಟ್ಟರೆ ಅದೂ ಇನ್ನೊಂದು ಥರದ ಸುಳ್ಳು ಕಾಗದ. ಫೈಲಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು: ಮಗು ಬಂದಾಗ ಯಾವ ಮಾತು ಆಡುತ್ತಿತ್ತು, ಯಾವ ಹಾಡಿಗೆ ಮಲಗುತ್ತಿತ್ತು, ಏನು ತಿನ್ನುತ್ತಿತ್ತು. ಇದನ್ನು ಬರೆಯಲು ಯಾವ ಕಾನೂನೂ ಬೇಕಿಲ್ಲ. ದಿನಾ ಆ ಮಗುವಿನ ಜೊತೆ ಇರುವ ಆಯಾಗೆ ಗೊತ್ತಿರುತ್ತದೆ. ಅವರನ್ನು ಕೂರಿಸಿ ಕೇಳುವವರು ಬೇಕು.

ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದರು. ಅವರೂ ದತ್ತು ತಗೊಂಡವರಂತೆ, ಇಲ್ಲೇ, ನಮ್ಮ ದೇಶದೊಳಗೇ. ‘ಮೇಡಂ, ಎದೆ ಮೇಲೆ ಹಾಕಿಕೊಂಡು ಬೆಳೆಸಿದ್ದೀವಿ. ಹಳೇದೆಲ್ಲ ಕೆದಕಿದರೆ ಮಗು ನಮ್ಮಿಂದ ದೂರ ಹೋಗಲ್ವಾ?’ ಅವರ ಗಂಟಲು ಕಟ್ಟಿತ್ತು. ಆಗ ನಾನು ಕೊಟ್ಟ ಉತ್ತರ ಅಷ್ಟು ಚೆನ್ನಾಗಿರಲಿಲ್ಲ. ಈಗ ಬರೆಯುವಾಗ ನಿಧಾನವಾಗಿ ಹೇಳುತ್ತೇನೆ. ಅಮ್ಮ, ನಾನು ಕಂಡ ಆ ಹುಡುಗಿ ಇಲ್ಲಿಗೆ ಹುಡುಕಿಕೊಂಡು ಬಂದದ್ದು ಸಾಕಿದ ಅಮ್ಮನನ್ನು ಬಿಟ್ಟು ಅಲ್ಲ. ಟಿಕೆಟ್ ತೆಗೆಸಿಕೊಟ್ಟವರೇ ಆ ಅಮ್ಮ. ನಿಮ್ಮ ಮಗು ಕೇಳುವ ದಿನ ನೀವೂ ಪಕ್ಕದಲ್ಲಿ ಕೂತಿರಿ. ಬೇರೆ ಯಾರಿಂದಲೋ, ಮದುವೆಮನೆಯಲ್ಲೋ ಆಸ್ತಿ ಜಗಳದಲ್ಲೋ, ಅದು ಮಗುವಿನ ಕಿವಿಗೆ ಬೀಳಬಾರದು.

ಆ ನಾಲ್ಕನೆಯ ದಿನದ ಕಥೆ ಸಭೆಯಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ಅವಳಿದ್ದ ಕಾಲದಲ್ಲಿ ಆ ಸಂಸ್ಥೆಯಲ್ಲಿ ಕೆಲಸ ಮಾಡಿದ ಒಬ್ಬ ಆಯಾ ಬದುಕಿದ್ದಾರೆ ಎಂದು ತಿಳಿಯಿತು. ಹೋದೆವು. ಎಂಬತ್ತರ ಹತ್ತಿರದ ಅಜ್ಜಿ. ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಕಾಫಿ ಕುಡಿಯದೆ ಏಳಬಾರದು ಎಂದರು. ಫೈಲಿನ ಆ ಸಣ್ಣ ಫೋಟೋದ ನಕಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

‘ಹೂಂ, ಈ ಕೂಸು ನೆಪ್ಪೈತೆ. ಅನ್ನ ಕೊಟ್ರೆ ಉಗೀತಿತ್ತು. ರಾಗಿ ಸರಿ ಮಾಡಿ ಚಮಚದಲ್ಲಿ ಕುಡಿಸಿದ್ರೆ ಬಾಯಿ ಚಪ್ಪರಿಸ್ಕೊಂಡು ಕುಡೀತಿತ್ತು.’

ಹೇಳಿದೆ. ಅವಳ ಮುಖ ನೋಡಬೇಕಿತ್ತು ನೀವು. ಅಲ್ಲಿಯವರೆಗೂ ಅವಳ ಮೊದಲ ಒಂದೂವರೆ ವರ್ಷದಿಂದ ಅವಳಿಗೆ ಸಿಕ್ಕಿದ್ದು ತೂಕ ಮತ್ತು ಚುಚ್ಚುಮದ್ದಿನ ತಾರೀಖು ಮಾತ್ರ.

ಅಜ್ಜಿ ಫೋಟೋವನ್ನು ಮತ್ತೆ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ‘ಎಷ್ಟೊಂದು ಕೂಸುಗಳು ಬಂದು ಹೋದ್ವು ಕಣವ್ವ. ಇದೇ ಕೂಸೋ ಇನ್ನೊಂದು ಕೂಸೋ, ಆಣೆ ಮಾಡಿ ಹೇಳಕ್ಕಾಗಕ್ಕಿಲ್ಲ’ ಎಂದರು.

ಅವಳು ಇನ್ನೂ ನಗುತ್ತಿದ್ದಳು. ಅಜ್ಜಿ ಏನು ಹೇಳಿದರು ಎಂದು ನನ್ನ ಮುಖ ನೋಡಿದಳು. ಈ ಎರಡನೆಯ ಮಾತನ್ನು ನುಂಗಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಖುಷಿಯಾಗಿ ವಿಮಾನ ಹತ್ತುತ್ತಿದ್ದಳು. ಆಗ ಸಹಿಯಿಲ್ಲದ ಆ ಸಾಲು ನೆನಪಾಯಿತು. ಓದಿ ಹೇಳಲಾಗಿದೆ. ಈಗ ಓದಿ ಹೇಳುತ್ತಿದ್ದವಳು ನಾನು.

ಹೇಳಿದೆ, ಪೂರ್ತಿ.

ಅವಳು ತಲೆಯಾಡಿಸಿದಳು. ಚೀಲದಿಂದ ನೋಟ್‌ಬುಕ್ ತೆಗೆದಳು. ‘ರಾಗಿ ಸರಿ’ ಎಂಬುದನ್ನು ಎರಡು ಸಲ ನಿಧಾನವಾಗಿ ಹೇಳಿಸಿಕೊಂಡು ತನ್ನ ಲಿಪಿಯಲ್ಲಿ ಬರೆದುಕೊಂಡಳು. ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಕನ್ನಡದಲ್ಲಿ ಹೇಗೆ ಬರೆಯುತ್ತಾರೆ ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಅದರ ಕೆಳಗೇ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಪುಸ್ತಕ ವಾಪಸ್ ತಗೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಅಕ್ಷರದ ಮುಂದೆಯೂ ಒಂದು ಪ್ರಶ್ನೆ ಚಿಹ್ನೆ ಹಾಕಿ, ‘ಇದಕ್ಕೂ ಬೇಕಲ್ವಾ’ ಎಂದಳು.